ನಂಜನಗೂಡಿನ ಫೋನು ನರಸೀಪುರಕ್ಕೆ ಹೋಗದಿದ್ದರೆ ಯಾರನ್ನು ಕೇಳುವುದು?

ನಂಜನಗೂಡಿನಲ್ಲಿ ಲ್ಯಾಂಡ್‌ಲೈನ್ ಉಳಿಸಿಕೊಂಡವರು ಅದೇ ಊರಿನ ಇನ್ನೊಂದು ಲ್ಯಾಂಡ್‌ಲೈನಿಗೆ ಫೋನ್ ಮಾಡಲು ಒತ್ತುವುದು ಆರೇ ಅಂಕಿ. ತಿ.ನರಸೀಪುರಕ್ಕಾದರೆ ಮುಂದೆ 08227 ಸೇರಿಸಬೇಕು, ಮೈಸೂರಿಗಾದರೆ 0821. ನರಸೀಪುರದವರು ಇತ್ತ ಮಾಡುವಾಗ 08221. ಬೆರಳಿಗೆ ರೂಢಿಯಾಗಿರುವ ಈ ಲೆಕ್ಕವನ್ನು ಬದಲಿಸಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2025ರ ಫೆಬ್ರವರಿ 6ರಂದು ಶಿಫಾರಸು ಮಾಡಿತು. ಅದರ ಪ್ರಕಾರ ಪಕ್ಕದ ಮನೆಗೇ ಆಗಲಿ, ಸ್ಥಿರ ದೂರವಾಣಿಯಿಂದ ಸ್ಥಿರ ದೂರವಾಣಿಗೆ ಹೋಗುವ ಪ್ರತಿ ಕರೆಗೂ ಮೊದಲು ಸೊನ್ನೆ, ಆಮೇಲೆ ಎಸ್‌ಟಿಡಿ ಕೋಡ್, ಆಮೇಲೆ ನಂಬರ್. ಯಾರ ನಂಬರೂ ಬದಲಾಗುವುದಿಲ್ಲ, ಒತ್ತುವ ರೀತಿ ಮಾತ್ರ ಬದಲು.

ನೋಡಲು ಸಣ್ಣ ವಿಷಯ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಸೊನ್ನೆ ಕಡ್ಡಾಯ ಮಾಡಿದಾಗಲೂ ಹೀಗೇ ಅನಿಸಿತ್ತು. ಆ ಒಂದು ಸೊನ್ನೆಯಿಂದ ದೇಶಕ್ಕೆ 254.4 ಕೋಟಿ ಹೊಸ ಸಂಖ್ಯೆಗಳಿಗೆ ಜಾಗ ಆಗುತ್ತದೆ ಅಂತ ಲೆಕ್ಕ ಕೊಟ್ಟಿದ್ದರು. ಈಗಿನ ಶಿಫಾರಸಿನ ಹಿಂದೆ ಇರುವುದೂ ಇದೇ ಲೆಕ್ಕ. ತಾಲ್ಲೂಕಿಗೊಂದು ಕೋಡ್ ಕೊಟ್ಟು ದೇಶವನ್ನು 2,600ಕ್ಕೂ ಹೆಚ್ಚು ತುಂಡು ಮಾಡಿದ ಹಳೆಯ ಪದ್ಧತಿಯಲ್ಲಿ ಎಷ್ಟೋ ಸಂಖ್ಯೆಗಳು ಬಳಕೆಯಾಗದೆ ಬಿದ್ದಿವೆ, ಇಡೀ ರಾಜ್ಯವನ್ನೇ ಒಂದು ಘಟಕ ಮಾಡಿಕೊಂಡರೆ ಅವನ್ನು ಹೊರತೆಗೆಯಬಹುದು. ವಾದ ಸರಿ ಇದೆ, ನನಗೆ ಅದರ ಬಗ್ಗೆ ತಕರಾರಿಲ್ಲ.

ನನ್ನ ಪ್ರಶ್ನೆ ಬೇರೆ. ನಾವು ಒತ್ತುವ ಅಂಕಿಗಳನ್ನು ಓದಿ ಕರೆಯನ್ನು ಹೊರಗೆ ಕಳಿಸುವ ಎಕ್ಸ್‌ಚೇಂಜ್‌ಗಳ ಪಟ್ಟಿಯನ್ನು ಊರೂರಲ್ಲೂ ತಿದ್ದಬೇಕಾಗುತ್ತದೆ. ತಿದ್ದುವಾಗ ಎಲ್ಲೋ ಒಂದು ಸಾಲು ತಪ್ಪಾದರೆ ನಂಜನಗೂಡಿನಿಂದ ನರಸೀಪುರಕ್ಕೆ ಮಾತ್ರ ಕರೆ ಹೋಗುವುದಿಲ್ಲ, ಉಳಿದೆಡೆಗೆಲ್ಲ ಹೋಗುತ್ತಿರುತ್ತದೆ. ಅಂಥ ದೋಷವನ್ನು ಹುಡುಕುವವರು ಯಾರು? ಅದನ್ನು ದೋಷ ಅಂತ ದಾಖಲಿಸುವ ಜಾಗವಾದರೂ ಎಲ್ಲಿದೆ?

ಲ್ಯಾಂಡ್‌ಲೈನ್ ಯಾರು ಬಳಸುತ್ತಾರೆ ಬಿಡಿ ಅನ್ನಬಹುದು. ಮನೆಗಳಲ್ಲಿ ಕಡಿಮೆಯಾಗಿರುವುದು ನಿಜ. ಆದರೆ ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಸರ್ಕಾರಿ ಆಸ್ಪತ್ರೆ, ಬ್ಯಾಂಕ್ ಶಾಖೆ, ನಂಜನಗೂಡು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಗೇಟು, ಇಲ್ಲೆಲ್ಲ ಬೋರ್ಡಿನ ಮೇಲೆ ಬರೆದಿರುವುದು ಇನ್ನೂ 08221 ಅಥವಾ 08227ರಿಂದ ಶುರುವಾಗುವ ನಂಬರುಗಳೇ. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ನೀರು ಬಿಡುವಾಗ ತಾಲ್ಲೂಕು ಆಡಳಿತಗಳು ಪ್ರಕಟಿಸುವ ಸಹಾಯವಾಣಿಗಳಲ್ಲೂ ಇವು ಇರುತ್ತವೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೆ ನೀರು ನಿಂತದ್ದು ಈ ಭಾಗದವರಿಗೆ ಮರೆತಿರುವುದಿಲ್ಲ. ರಸ್ತೆ ಕಟ್ಟಾದ ದಿನ ಫೋನಿನ ಬೆಲೆ ಗೊತ್ತಾಗುತ್ತದೆ.

ಒಂದು ಕರೆಯನ್ನೇ ಹಿಂಬಾಲಿಸಿ ನೋಡೋಣ. ಕಪಿಲೆಯ ನೀರು ನಂಜನಗೂಡು ದಾಟಿ ಸೀದಾ ನರಸೀಪುರದ ಸಂಗಮಕ್ಕೆ ಹೋಗಿ ಕಾವೇರಿ ಸೇರುತ್ತದೆ. ಕರೆಗೆ ಆ ಸೀದಾ ದಾರಿ ಇಲ್ಲ. ತಾಲ್ಲೂಕಿನ ಎಕ್ಸ್‌ಚೇಂಜ್ ಸಾಮಾನ್ಯವಾಗಿ ಕರೆಯನ್ನು ಜಿಲ್ಲಾ ಕೇಂದ್ರದ ದೊಡ್ಡ ಸ್ವಿಚ್‌ಗೆ ಕಳಿಸುತ್ತದೆ, ಅಲ್ಲಿಂದ ಅದು ಇನ್ನೊಂದು ತಾಲ್ಲೂಕಿಗೆ ಇಳಿಯುತ್ತದೆ. ಅಂದರೆ ಕನಿಷ್ಠ ಮೂರು ಸ್ವಿಚ್‌ಗಳು ಒಂದಕ್ಕೊಂದು ಮಾತಾಡಿಕೊಳ್ಳಬೇಕು. ಈ ಮಾತುಕತೆಗೇ ಸಿಗ್ನಲಿಂಗ್ ಅನ್ನುವುದು. ನಾವು ಆಡುವ ಮಾತು ಹೋಗುವ ದಾರಿ ಬೇರೆ, ಆ ದಾರಿ ಕಟ್ಟಿಕೊಡಿ ಅಂತ ಸ್ವಿಚ್‌ಗಳು ಕಳಿಸಿಕೊಳ್ಳುವ ಚೀಟಿ ಬೇರೆ.

ನಂಜನಗೂಡಿನ ಸ್ವಿಚ್ ಅಂಕಿಗಳನ್ನು ಒಂದೊಂದಾಗಿ ಓದುತ್ತದೆ. ಮೊದಲನೆಯದು 2 ಅಂದರೆ ಊರೊಳಗಿನದು, ಇನ್ನು ಐದು ಅಂಕಿ ಬರಬೇಕು ಅಂತ ಕಾಯುತ್ತದೆ. ಮೊದಲನೆಯದು 0 ಅಂದರೆ ಹೊರಗಿನದು. 8227 ಬಂದ ಕೂಡಲೇ ಪಟ್ಟಿ ನೋಡಿ ‘ಈ ದಾರಿ’ ಅಂತ ಗೊತ್ತು ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಖಾಲಿ ಇರುವ ಒಂದು ಸರ್ಕ್ಯೂಟ್ ಹಿಡಿದು, ಮುಂದಿನ ಸ್ವಿಚ್‌ಗೆ ಮೊದಲ ಚೀಟಿ ಕಳಿಸುತ್ತದೆ. ಅದರಲ್ಲಿ ಕರೆ ಯಾರಿಗೆ, ಯಾರಿಂದ, ಯಾವ ಸರ್ಕ್ಯೂಟ್ ಮೇಲೆ ಬರುತ್ತಿದೆ ಎಂಬುದೆಲ್ಲ ಇರುತ್ತದೆ. ಆ ಕಡೆಯಿಂದ ‘ವಿಳಾಸ ಸಿಕ್ಕಿತು, ಗಂಟೆ ಬಾರಿಸುತ್ತಿದ್ದೇನೆ’ ಅಂತ ಉತ್ತರ ಬರಬೇಕು. ರಿಸೀವರ್ ಎತ್ತಿದ ಕೂಡಲೇ ಇನ್ನೊಂದು. ಇಟ್ಟ ಮೇಲೆ ಬಿಡುಗಡೆ ಚೀಟಿ. ಎಂಜಿನಿಯರಿಂಗ್ ಓದುವಾಗ ಇದು ನಮಗೆ ಹತ್ತು ಅಂಕದ ಪ್ರಶ್ನೆ, ಬಾಣದ ಗುರುತು ಹಾಕಿ ಚಿತ್ರ ಬರೆದರೆ ಅಂಕ ಗ್ಯಾರಂಟಿ. ಆ ಬಾಣಗಳಲ್ಲಿ ಒಂದು ವಾಪಸ್ ಬರದಿದ್ದರೆ ಏನಾಗುತ್ತದೆ ಅಂತ ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತಿರಲಿಲ್ಲ.

ಆ ಮೊದಲ ಚೀಟಿಯಲ್ಲಿ ಒಂದು ಪುಟ್ಟ ಗುರುತು ಇರುತ್ತದೆ: ‘ಈ ನಂಬರ್ ಸ್ಥಳೀಯ ರೂಪದಲ್ಲಿದೆಯೋ, ರಾಷ್ಟ್ರೀಯ ರೂಪದಲ್ಲಿದೆಯೋ’. ಅಂಕಿಗಳೆಲ್ಲ ಸರಿ ಇದ್ದು ಈ ಗುರುತು ತಪ್ಪಾದರೂ ಆ ಕಡೆಯ ಸ್ವಿಚ್ ಕರೆಯನ್ನು ನಿರಾಕರಿಸಬಹುದು. ಅಥವಾ ಈ ಕಡೆಯವರು ಆರು ಅಂಕಿ ಕಳಿಸಿ, ಆ ಕಡೆಯವರು ಹತ್ತಕ್ಕೆ ಕಾಯುತ್ತಿದ್ದರೆ? ಫೋನ್ ಹಿಡಿದವರಿಗೆ ಕೇಳುವುದು ಬರೀ ಮೌನ. ಹತ್ತಿಪ್ಪತ್ತು ಸೆಕೆಂಡ್ ಏನೂ ಇಲ್ಲ, ಆಮೇಲೆ ಕಟ್. ಟ್ರಾಯ್ ಹೇಳುತ್ತಿರುವ ಬದಲಾವಣೆ ಮುಟ್ಟುವುದು ಸರಿಯಾಗಿ ಈ ಎರಡು ಜಾಗಗಳನ್ನೇ: ಎಷ್ಟು ಅಂಕಿ, ಯಾವ ರೂಪ.

ಕರೆ ಯಾಕೆ ಹೋಗಲಿಲ್ಲ ಅನ್ನುವುದು ಸ್ವಿಚ್‌ಗೆ ಗೊತ್ತಿರುತ್ತದೆ. ಬಿಡುಗಡೆ ಚೀಟಿಯಲ್ಲಿ ಕಾರಣದ ಸಂಖ್ಯೆ ಬರೆದೇ ಕಳಿಸುತ್ತಾರೆ, ಜಗತ್ತಿಗೆಲ್ಲ ಒಂದೇ ಪಟ್ಟಿ. 1 ಅಂದರೆ ಅಂಥ ನಂಬರೇ ಇಲ್ಲ. 17 ಅಂದರೆ ಅವರು ಬೇರೆ ಕರೆಯಲ್ಲಿದ್ದಾರೆ. 19 ಅಂದರೆ ಗಂಟೆ ಬಾರಿಸಿತು, ಎತ್ತಲಿಲ್ಲ. 28 ಅಂದರೆ ನಂಬರ್ ಪೂರ್ತಿ ಇಲ್ಲ, ಇಲ್ಲವೇ ಅದರ ರೂಪ ಸರಿಯಿಲ್ಲ. 34 ಅಂದರೆ ದಾರಿಯಲ್ಲಿ ಖಾಲಿ ಸರ್ಕ್ಯೂಟ್ ಇಲ್ಲ. 38 ಅಂದರೆ ಜಾಲವೇ ಕೆಟ್ಟಿದೆ. ದೋಷ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.

ಆದರೆ ಈ ಸಂಖ್ಯೆ ಫೋನ್ ಮಾಡಿದವರ ಕಿವಿಗೆ ಬರುವುದಿಲ್ಲ. ಅವರಿಗೆ ಕೇಳುವುದು ಒಂದು ಟೋನು ಅಥವಾ ರೆಕಾರ್ಡ್ ಮಾಡಿಟ್ಟ ಮಾತು. ಯಾವ ಕಾರಣಕ್ಕೆ ಯಾವ ಮಾತು ಕೇಳಿಸಬೇಕು ಅಂತ ಸ್ವಿಚ್‌ನಲ್ಲಿ ಯಾರೋ ಯಾವತ್ತೋ ಜೋಡಿಸಿಟ್ಟಿರುತ್ತಾರೆ. ಜೋಡಣೆ ಒರಟಾಗಿದ್ದರೆ ದಾರಿಯಲ್ಲಿ ಜಾಗ ಇಲ್ಲದಿದ್ದರೂ ‘ನೀವು ಕರೆ ಮಾಡಿದ ಸಂಖ್ಯೆಯನ್ನು ಪರಿಶೀಲಿಸಿ’ ಅಂತಲೇ ಹೇಳುತ್ತದೆ, ಇಲ್ಲವೇ ಬರೀ ಎಂಗೇಜ್ ಟೋನ್ ಕೊಡುತ್ತದೆ. ನಂಬರ್ ಸರಿಯಾಗಿದ್ದರೂ ನಾವು ನಮ್ಮ ಕಣ್ಣನ್ನೇ ಅನುಮಾನಿಸಿ ಮತ್ತೆ ಒತ್ತುತ್ತೇವೆ. ಅಥವಾ ‘ಆಸ್ಪತ್ರೆಯವರು ರಿಸೀವರ್ ಎತ್ತಿ ಪಕ್ಕಕ್ಕಿಟ್ಟಿದ್ದಾರೆ’ ಅಂತ ಬೈಯುತ್ತೇವೆ. ಸರ್ಕಾರಿ ಕಚೇರಿಗಳಲ್ಲಿ ಹಾಗೆ ಎತ್ತಿಡುವವರು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅವರ ತಪ್ಪಿಲ್ಲದ ದಿನಗಳ ಬೈಗುಳವೂ ಅವರ ಲೆಕ್ಕಕ್ಕೇ ಹೋಗುತ್ತಿರುತ್ತದೆ.

ಇನ್ನೊಂದು ಬಗೆಯ ದೋಷವಿದೆ, ಹಳೆಯ ಎಕ್ಸ್‌ಚೇಂಜ್ ಕೆಲಸಗಾರರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಎರಡು ಸ್ವಿಚ್‌ಗಳ ನಡುವಿನ ಒಂದು ಡಿಜಿಟಲ್ ಕೊಂಡಿಯಲ್ಲಿ 30 ಮಾತಿನ ಸರ್ಕ್ಯೂಟ್‌ಗಳು ಇರುತ್ತವೆ. ಅದರಲ್ಲಿ ಒಂದೇ ಒಂದು ಕೆಟ್ಟಿದೆ ಅಂದುಕೊಳ್ಳಿ. 30ರಲ್ಲಿ ಒಂದು ಕರೆ ಹಾಳಾಗಬಹುದು, ಅಷ್ಟೇ ತಾನೇ? ಅಲ್ಲ. ಆಟೋ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಮೂವತ್ತು ಆಟೋಗಳಲ್ಲಿ ಇಪ್ಪತ್ತೊಂಬತ್ತು ಬಾಡಿಗೆಗೆ ಹೋಗಿವೆ, ಪಂಕ್ಚರ್ ಆದದ್ದೊಂದು ಮಾತ್ರ ಸ್ಟ್ಯಾಂಡ್‌ನಲ್ಲೇ ನಿಂತಿದೆ. ಬಂದವರೆಲ್ಲ ಹತ್ತುವುದು ಅದನ್ನೇ, ಇಳಿಯುವುದೂ ಅಲ್ಲೇ. ಒಳ್ಳೆಯ ಸರ್ಕ್ಯೂಟ್ ಮೂರು ನಿಮಿಷದ ಮಾತಿಗೆ ಮೂರು ನಿಮಿಷ ಬಿಡುವಿಲ್ಲದೆ ಇರುತ್ತದೆ. ಕೆಟ್ಟದ್ದು ಎರಡು ಮೂರು ಸೆಕೆಂಡಿಗೆ ಕರೆಯನ್ನು ಸಾಯಿಸಿ ಮತ್ತೆ ಖಾಲಿಯಾಗಿ ನಿಲ್ಲುತ್ತದೆ, ಮುಂದಿನ ಕರೆಗೂ ಅದೇ ಸಿಗುತ್ತದೆ. ಕರೆಗಳು ಹೆಚ್ಚಿರುವ ಹೊತ್ತಿನಲ್ಲಿ ಒಂದು ಕೆಟ್ಟ ಸರ್ಕ್ಯೂಟ್ ಸಾಲು ಸಾಲು ಕರೆಗಳನ್ನು ನುಂಗಬಲ್ಲದು. ದೂರು ಬಂದು ಪರೀಕ್ಷೆ ಮಾಡಲು ಕೂತಾಗ ಬೆಳಗಿನ ಹನ್ನೊಂದರ ಗದ್ದಲ ಮುಗಿದಿರುತ್ತದೆ, ಪರೀಕ್ಷೆಯ ಕರೆ ಒಳ್ಳೆಯ ಸರ್ಕ್ಯೂಟ್ ಮೇಲೆ ಸಲೀಸಾಗಿ ಹೋಗುತ್ತದೆ. ‘ಲೈನ್ ಸರಿಯಾಗಿದೆ’ ಅಂತ ಬರೆದು ದೂರು ಮುಚ್ಚುತ್ತಾರೆ.

ಇದನ್ನು ಹಿಡಿಯಲು ಒಂದು ಉಪಾಯ ಇದೆ. ಪ್ರತಿ ಸರ್ಕ್ಯೂಟ್‌ನಲ್ಲಿ ದಿನಕ್ಕೆ ಎಷ್ಟು ಕರೆ ಹೋಯಿತು, ಒಂದೊಂದು ಎಷ್ಟು ಹೊತ್ತು ನಡೆಯಿತು ಅಂತ ನೋಡುವುದು. ಒಂದರಲ್ಲಿ ಮಾತ್ರ ಕರೆಗಳ ಸಂಖ್ಯೆ ಸಿಕ್ಕಾಪಟ್ಟೆ, ಅವಧಿ ಎರಡೇ ಸೆಕೆಂಡ್ ಇದ್ದರೆ ಕಳ್ಳ ಸಿಕ್ಕ. ಸ್ವಿಚ್ ಆ ಲೆಕ್ಕ ಇಡುತ್ತದೆ, ಅದನ್ನು ತೆರೆದು ಓದುವ ಮನುಷ್ಯ ಬೇಕು.

ಆ ಮನುಷ್ಯ ಎಲ್ಲಿದ್ದಾನೆ ಅನ್ನುವುದೇ ಈಗಿನ ಸಂಗತಿ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಬಿಎಸ್‌ಎನ್‌ಎಲ್ ಪುನಶ್ಚೇತನದ ಮೊದಲ ಪ್ಯಾಕೇಜ್ ಒಪ್ಪಿದಾಗ ಅದರ ಜೊತೆಗೇ ಬಂದದ್ದು ಸ್ವಯಂ ನಿವೃತ್ತಿ ಯೋಜನೆ. 78,569 ಮಂದಿ ಅದನ್ನು ಆಯ್ದುಕೊಂಡರು, 2020ರ ಜನವರಿ 31ರ ಸಂಜೆ ಹೊರಟುಹೋದರು. ಇದ್ದ ನೌಕರರಲ್ಲಿ ಅರ್ಧದಷ್ಟು. ಐವತ್ತು ದಾಟಿದವರಿಗೆಂದೇ ಮಾಡಿದ ಯೋಜನೆ ಅದು, ಹಾಗಾಗಿ ಹೋದವರೆಲ್ಲ ಅನುಭವಸ್ಥರೇ. ಸಂಸ್ಥೆಯ ಸಂಬಳದ ಹೊರೆ ಇಳಿಯಿತು, ಇಳಿಯಲೇಬೇಕಿತ್ತು ಅನ್ನುವ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಈ ರೂಟಿನ ಹನ್ನೆರಡನೇ ಸರ್ಕ್ಯೂಟ್ ಮೊದಲಿಂದಲೂ ತೊಂದರೆ ಕೊಡುತ್ತೆ’ ಅನ್ನುವಂಥ ತಿಳಿವಳಿಕೆ ಯಾವ ಕಡತದಲ್ಲೂ ಇರಲಿಲ್ಲ, ಅದು ತಲೆಯಲ್ಲಿತ್ತು. ಆಮೇಲೆ 2022ರಲ್ಲಿ 1.64 ಲಕ್ಷ ಕೋಟಿ ರೂಪಾಯಿ, 2023ರಲ್ಲಿ 89,047 ಕೋಟಿ ರೂಪಾಯಿಯ ಪ್ಯಾಕೇಜ್‌ಗಳು ಬಂದವು. 2025ರ ಸೆಪ್ಟೆಂಬರ್ 27ರಂದು ದೇಶೀ ತಂತ್ರಜ್ಞಾನದ 4ಜಿ ಕೂಡ ಉದ್ಘಾಟನೆಯಾಯಿತು, 97,500 ಟವರ್‌ಗಳ ಲೆಕ್ಕ ಕೊಟ್ಟರು. ಟವರ್ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಒದಗುತ್ತದೆ. ಟ್ರಂಕ್ ಲೆಕ್ಕ ಓದುವವರನ್ನು ನೇಮಿಸಿ ಟೇಪು ಕತ್ತರಿಸಲು ಆಗುವುದಿಲ್ಲವಲ್ಲ!

ದೇಶೀ ತಂತ್ರಜ್ಞಾನದ ಮಾತು ಬಂದದ್ದಕ್ಕೆ ಒಂದು ಅಡ್ಡ ಮಾತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ಮಾಡಿದ 128 ಪೋರ್ಟುಗಳ ಪುಟ್ಟ ಎಕ್ಸ್‌ಚೇಂಜ್ ಮೊದಲು ಚಾಲೂ ಆದದ್ದು 1986ರ ಜುಲೈನಲ್ಲಿ, ನಮ್ಮ ಕಿತ್ತೂರಿನಲ್ಲಿ. ಏಸಿ ಕೋಣೆ ಬೇಡ, ನಮ್ಮ ಧೂಳು ಬಿಸಿಲಿಗೆ ತಡೆಯಬೇಕು ಅನ್ನುವುದು ಆಗಿನ ಲೆಕ್ಕಾಚಾರ. ಮುಂದೆ ಊರೂರಿನ ಎಕ್ಸ್‌ಚೇಂಜ್‌ಗಳಲ್ಲಿ ಕೂತದ್ದು ಅದೇ ಮನೆತನದ ಯಂತ್ರಗಳು. ಊರಿನ ಸ್ವಿಚ್ ಊರಲ್ಲೇ ಇತ್ತು, ಕೆಟ್ಟರೆ ಒಳಗೆ ಹೋಗಿ ನೋಡುವವರೂ ಊರಲ್ಲೇ ಇದ್ದರು.

ಈಗ ಜಾಲ ಐಪಿಗೆ ಬದಲಾಗುತ್ತಿದೆ. ಊರಿನ ಕಟ್ಟಡದಲ್ಲಿ ಉಳಿಯುವುದು ಲೈನುಗಳನ್ನು ಸೇರಿಸುವ ಪೆಟ್ಟಿಗೆ, ಕರೆಯ ನಿರ್ಧಾರ ಆಗುವುದು ದೂರದ ನಗರದ ಸರ್ವರ್‌ನಲ್ಲಿ. ಕೆಟ್ಟ ಸರ್ಕ್ಯೂಟ್‌ನ ಕಾಟ ಇದರಿಂದ ಕಡಿಮೆಯಾಗುತ್ತದೆ, ಒಳ್ಳೆಯದೇ. ಆದರೆ ಹಳೆಯ ಜಾಲವೂ ಹೊಸ ಜಾಲವೂ ಸೇರುವ ಗೇಟ್‌ವೇಗಳಲ್ಲಿ ಬೇರೊಂದು ತೊಡಕು. ಹಳೆಯ ಕಾರಣ ಸಂಖ್ಯೆಗಳನ್ನು ಹೊಸ ಭಾಷೆಗೆ ತರ್ಜುಮೆ ಮಾಡುವ ಸರ್ವಸಮ್ಮತ ಪಟ್ಟಿಯೊಂದಿದೆ. ಅದರಲ್ಲಿ 34 (ದಾರಿಯಲ್ಲಿ ಜಾಗ ಇಲ್ಲ), 38 (ಜಾಲ ಕೆಟ್ಟಿದೆ), 41 (ತಾತ್ಕಾಲಿಕ ವೈಫಲ್ಯ), 42 (ಸ್ವಿಚ್‌ನಲ್ಲೇ ಒತ್ತಡ) ಎಲ್ಲವೂ ಒಂದೇ ಉತ್ತರವಾಗುತ್ತವೆ: 503, ಸೇವೆ ಲಭ್ಯವಿಲ್ಲ. ಮೂಲ ಕಾರಣವನ್ನು ಜೊತೆಗೆ ಅಂಟಿಸಿ ಕಳಿಸುವ ವ್ಯವಸ್ಥೆ ಇದೆ, ಆದರೆ ಎರಡೂ ಕಡೆಯವರು ಅದನ್ನು ಚಾಲೂ ಇಟ್ಟುಕೊಂಡಿದ್ದರೆ ಮಾತ್ರ. ಇಲ್ಲದಿದ್ದರೆ ಹೊಟ್ಟೆನೋವು, ತಲೆನೋವು, ಮೈಕೈ ನೋವಿಗೆಲ್ಲ ‘ಆರೋಗ್ಯ ಸರಿಯಿಲ್ಲ’ ಅಂತ ಒಂದೇ ಚೀಟಿ ಬರೆದ ಹಾಗೆ.

ನಿಯಮಗಳು ಏನು ಹೇಳುತ್ತವೆ? 2024ರ ಅಕ್ಟೋಬರ್ 1ರಿಂದ ಟ್ರಾಯ್‌ನ ಹೊಸ ಸೇವಾ ಗುಣಮಟ್ಟ ನಿಯಮಗಳು ಜಾರಿಯಲ್ಲಿವೆ. ಒಂದು ಜಿಲ್ಲೆಯಲ್ಲಿ ಸೇವೆ 4 ಗಂಟೆಗಿಂತ ಹೆಚ್ಚು ಸ್ಥಗಿತವಾದರೆ ಕಂಪನಿ 24 ಗಂಟೆಯೊಳಗೆ ಟ್ರಾಯ್‌ಗೆ ತಿಳಿಸಬೇಕು. 24 ಗಂಟೆ ದಾಟಿದರೆ ಪೋಸ್ಟ್‌ಪೇಯ್ಡ್ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ಗೆ ವ್ಯಾಲಿಡಿಟಿ ವಿಸ್ತರಣೆ. ಒಳ್ಳೆಯ ನಿಯಮ. ಆದರೆ ಘಟಕ ಜಿಲ್ಲೆ. ನಂಜನಗೂಡಿನಿಂದ ನರಸೀಪುರಕ್ಕೆ ಮಾತ್ರ ಎರಡು ದಿನ ಕರೆ ಹೋಗದಿದ್ದರೆ ಮೈಸೂರು ಜಿಲ್ಲೆಯಲ್ಲಿ ಸೇವೆ ಸ್ಥಗಿತವಾಗಿಲ್ಲ. ಒಂದು ಕಂಪನಿಯ ಜಾಲದಿಂದ ಇನ್ನೊಂದಕ್ಕೆ ಕರೆ ದಾಟುವ ಕೊಂಡಿಗಳಲ್ಲಿ ದಟ್ಟಣೆ ಶೇ 0.5 ಮೀರಬಾರದು ಅನ್ನುವ ಮಾನದಂಡವೂ ಇದೆ. ಆದರೆ ಅದನ್ನು ಅಳೆಯುವುದು ಇಡೀ ಕರ್ನಾಟಕ ವೃತ್ತಕ್ಕೆ. ಬೆಂಗಳೂರಿನ ಕೋಟ್ಯಂತರ ಕರೆಗಳ ಜೊತೆ ಕೂಡಿಸಿ ಸರಾಸರಿ ತೆಗೆದರೆ ಎರಡು ತಾಲ್ಲೂಕುಗಳ ನಡುವಿನ ಒಂದು ರೂಟು ಪೂರ್ತಿ ಸತ್ತಿದ್ದರೂ ಅಂಕಿಯಲ್ಲಿ ಕಾಣುವುದಿಲ್ಲ.

ದೂರು ಕೊಡಲು ಹೋದರೂ ಅದೇ ಕಥೆ. ನಾವು ಸಾಮಾನ್ಯವಾಗಿ ಹೇಳುವುದು, ಅವರು ಬರೆದುಕೊಳ್ಳುವುದು ‘ಫೋನ್ ಸತ್ತಿದೆ’, ‘ಗೊರಗೊರ ಶಬ್ದ’, ‘ಇಂಟರ್ನೆಟ್ ಇಲ್ಲ’. ಆಮೇಲೆ ಲೈನ್ ಪರೀಕ್ಷೆ ಆಗುತ್ತದೆ. ಡಯಲ್ ಟೋನ್ ಬಂತಾ, ಬಂತು. ನಮ್ಮ ಮನೆಯಿಂದ ಎಕ್ಸ್‌ಚೇಂಜ್‌ವರೆಗಿನ ತಂತಿ ಸರಿಯಿದೆ ಅಂದಮೇಲೆ ದೋಷವೇ ಇಲ್ಲ. ಎಕ್ಸ್‌ಚೇಂಜ್‌ನಿಂದ ಆಚೆಗೆ ಏನಾಯಿತು ಅನ್ನುವುದು ಆ ಪರೀಕ್ಷೆಯ ವ್ಯಾಪ್ತಿಯಲ್ಲೇ ಇಲ್ಲ. ಇದರಲ್ಲಿ ಎರಡು ಬೇರೆ ಕಂಪನಿಗಳು ಸೇರಿಕೊಂಡರೆ ಕೇಳುವುದೇ ಬೇಡ, ‘ನಮ್ಮ ಕಡೆ ಸರಿ ಇದೆ, ಅವರನ್ನು ಕೇಳಿ’ ಅಂತ ಇಬ್ಬರೂ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ, ದೋಷ ನಡುವೆ ಇರುತ್ತದೆ.

ನಡುವಿನ ಈ ಜಾಗವನ್ನು ದೇಶ ಒಮ್ಮೆ ಗಮನಿಸಿದ್ದುಂಟು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದಾಗ ಅಲ್ಲಿಂದ ಏರ್‌ಟೆಲ್, ವೊಡಾಫೋನ್, ಐಡಿಯಾಗಳಿಗೆ ಮಾಡಿದ ಕರೆಗಳಲ್ಲಿ ಮುಕ್ಕಾಲು ಪಾಲು ಹೋಗುತ್ತಿಲ್ಲ ಅಂತ ಜಿಯೋ ದೂರಿತು. ಎರಡು ಜಾಲಗಳು ಕೂಡುವ ಜಾಗದಲ್ಲಿ ಸಾಕಷ್ಟು ಕೊಂಡಿ ಕೊಟ್ಟಿಲ್ಲ ಅನ್ನುವುದು ಆರೋಪ, ನಿಮ್ಮ ಉಚಿತ ಕರೆಗಳ ಪ್ರವಾಹಕ್ಕೆ ನಾವೇಕೆ ಕಾಲುವೆ ತೋಡಬೇಕು ಅನ್ನುವ ಅರ್ಥದ ಪ್ರತಿವಾದ. ಟ್ರಾಯ್ ಎರಡೂ ಕಡೆಯ ಲೆಕ್ಕ ತರಿಸಿಕೊಂಡು ಅಕ್ಟೋಬರ್ 21ರಂದು ಮೂರೂ ಕಂಪನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ಶಿಫಾರಸು ಮಾಡಿತು. ದೂರಸಂಪರ್ಕ ಇಲಾಖೆ ದಂಡದ ನೋಟಿಸ್ ಕಳಿಸಿದ್ದು 2021ರಲ್ಲಿ. 2019ರಲ್ಲಿ ಮತ್ತೊಂದು ಜಗಳ, ಫೋನು ಎಷ್ಟು ಹೊತ್ತು ರಿಂಗ್ ಆಗಬೇಕು ಅಂತ. ಹೊರಹೋಗುವ ಕರೆಗೆ ನಿಮಿಷಕ್ಕೆ 6 ಪೈಸೆ ಕೊಡಬೇಕಿದ್ದ ಕಾಲ ಅದು. ರಿಂಗ್ ಬೇಗ ನಿಂತರೆ ಅದು ಮಿಸ್ಡ್ ಕಾಲ್ ಆಗುತ್ತದೆ, ಆ ಕಡೆಯವರು ವಾಪಸ್ ಮಾಡುತ್ತಾರೆ, ಪೈಸೆ ಈ ಕಡೆಗೆ ಬರುತ್ತದೆ. ಕೊನೆಗೆ ನವೆಂಬರ್ 1ರಂದು ಟ್ರಾಯ್ ಮೊಬೈಲಿಗೆ 30 ಸೆಕೆಂಡ್, ಲ್ಯಾಂಡ್‌ಲೈನಿಗೆ 60 ಸೆಕೆಂಡ್ ಅಂತ ಗೆರೆ ಎಳೆಯಿತು. ಸ್ವಿಚ್ ಒಳಗಿನ ಒಂದು ಟೈಮರ್ ಹೀಗೆ ರಾಷ್ಟ್ರೀಯ ಸುದ್ದಿಯಾಯಿತು.

ಅಂದರೆ ಲೆಕ್ಕ ಇದೆ, ಅದನ್ನು ತರಿಸಿಕೊಳ್ಳುವ ಅಧಿಕಾರವೂ ಇದೆ. ದೊಡ್ಡವರು ದೊಡ್ಡವರ ಮೇಲೆ ದೂರು ಕೊಟ್ಟಾಗ ಅದು ಹೊರಗೆ ಬರುತ್ತದೆ. ನರಸೀಪುರದ ರೇಷ್ಮೆ ಬೆಳೆಗಾರರೋ ನಂಜನಗೂಡಿನ ಔಷಧಿ ಅಂಗಡಿಯವರೋ ದೂರು ಕೊಟ್ಟಾಗ ಬರುವುದಿಲ್ಲ.

ಹೊಸ ಪದ್ಧತಿ ಜಾರಿ ಮಾಡುವುದೇ ಆದರೆ, ಅದಕ್ಕೆ ಮುಂಚೆ ಕೇಂದ್ರ ಮಾಡಬೇಕಾದ್ದು ಕಷ್ಟದ್ದೇನಲ್ಲ. ಕೋಡ್‌ನಿಂದ ಕೋಡ್‌ಗೆ, ಅಂದರೆ 08221ರಿಂದ 08227ಕ್ಕೆ, ಅಲ್ಲಿಂದ ಇಲ್ಲಿಗೆ, ಎಷ್ಟು ಕರೆ ಹೊರಟವು, ಎಷ್ಟು ಆ ಕಡೆಯ ಫೋನಿನವರೆಗೆ ತಲುಪಿದವು ಅಂತ ತಿಂಗಳಿಗೊಮ್ಮೆ ಪ್ರಕಟಿಸಬೇಕು. ಎತ್ತಲಿಲ್ಲ, ಎಂಗೇಜ್ ಇತ್ತು ಅನ್ನುವಂಥವನ್ನು ಬಿಟ್ಟು ಜಾಲದ ತಪ್ಪಿನಿಂದ ಸತ್ತ ಕರೆಗಳನ್ನೇ ಎಣಿಸುವ ಅಳತೆ ದೂರಸಂಪರ್ಕ ಜಗತ್ತಿನಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ, ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಗ್ರಾಹಕರು ಹೇಳುವ ದೋಷಗಳ ಪಟ್ಟಿಯಲ್ಲಿ ‘ಇಂಥ ಊರಿಗೆ ಕರೆ ಹೋಗುತ್ತಿಲ್ಲ’ ಅನ್ನುವುದಕ್ಕೆ ಪ್ರತ್ಯೇಕ ಜಾಗ ಬೇಕು, ಅದು ಲೈನ್‌ಮನ್ ಬಳಿಗಲ್ಲದೆ ಸ್ವಿಚ್ ನೋಡುವವರ ಬಳಿಗೆ ಹೋಗಬೇಕು. ಪಟ್ಟಿ ತಿದ್ದಿದ ಮೇಲೆ ಎರಡೂ ದಿಕ್ಕಿನಲ್ಲಿ, ಹಗಲಿನ ಗದ್ದಲದ ಹೊತ್ತಿನಲ್ಲೇ ಪರೀಕ್ಷಾ ಕರೆ ಮಾಡಿ ನೋಡಬೇಕು. ಒಂದು ದಿಕ್ಕು ಸರಿ ಇದ್ದ ಮಾತ್ರಕ್ಕೆ ಇನ್ನೊಂದು ಸರಿ ಅಂತಲ್ಲ, ಹೊರಹೋಗುವ ಕರೆಯ ಪಟ್ಟಿ ಆಯಾ ಸ್ವಿಚ್‌ನದ್ದೇ.

ಆಸ್ಪತ್ರೆ, ಕಾರ್ಖಾನೆ, ಛತ್ರಗಳಲ್ಲಿರುವ ಇಂಟರ್‌ಕಾಮ್ ಯಂತ್ರಗಳ ವಿಷಯವೂ ಇದೆ. ಅವುಗಳಲ್ಲಿ ಆರಂಕಿಯ ನಂಬರುಗಳನ್ನು ತುಂಬಿಟ್ಟಿರುತ್ತಾರೆ. ಖರ್ಚು ಹಿಡಿತಕ್ಕೆ ಅಂತ ಸೊನ್ನೆಯನ್ನೇ ಲಾಕ್ ಮಾಡಿದವೂ ಇರುತ್ತವೆ. ಎಲ್ಲದಕ್ಕೂ ಸೊನ್ನೆ ಬೇಕು ಅಂತಾದ ದಿನ ಅಂಥ ಕಚೇರಿಯಿಂದ ಹೊರಗೆ ಒಂದು ಲ್ಯಾಂಡ್‌ಲೈನ್ ಕರೆಯೂ ಹೋಗುವುದಿಲ್ಲ. ತಾಲ್ಲೂಕು ಆಡಳಿತಗಳು ತಮ್ಮ ಕಚೇರಿಗಳ ಮಟ್ಟಿಗಾದರೂ ಇದನ್ನು ಮೊದಲೇ ನೋಡಿಕೊಳ್ಳಬಹುದು. ಜಿಲ್ಲಾ ತುರ್ತು ಸಹಾಯವಾಣಿ 1077ರಂಥ ಚಿಕ್ಕ ನಂಬರುಗಳನ್ನೂ ಒಮ್ಮೆ ಒತ್ತಿ ನೋಡುವುದು ಒಳ್ಳೆಯದು. ಆ ನಾಲ್ಕು ಅಂಕಿಯನ್ನು ಯಾವ ಜಿಲ್ಲೆಯ ಕಚೇರಿಗೆ ತಿರುಗಿಸಬೇಕು ಅನ್ನುವುದೂ ಸ್ವಿಚ್‌ನಲ್ಲಿ ಬರೆದ ಒಂದು ಸಾಲೇ. ನರಸೀಪುರ ತಾಲ್ಲೂಕಿನ ಒಂದು ಅಂಚು ಚಾಮರಾಜನಗರ ಜಿಲ್ಲೆಗೆ, ಇನ್ನೊಂದು ಮಂಡ್ಯಕ್ಕೆ ತಾಗುತ್ತದೆ. ಅಂಚಿನ ಹಳ್ಳಿಯ ಮೊಬೈಲ್ ಹಿಡಿದ ಟವರ್ ಯಾವ ಜಿಲ್ಲೆಯ ಪಟ್ಟಿಯಲ್ಲಿದೆಯೋ ಕರೆ ಅಲ್ಲಿಗೆ ಹೋಗುತ್ತದೆ.

ಅಲ್ಲಿಯವರೆಗೆ ದೂರು ಕೊಡುವವರು ಒಂದು ಕೆಲಸ ಮಾಡಬಹುದು. ‘ಫೋನ್ ಹೋಗ್ತಿಲ್ಲ’ ಅಂತ ಮಾತ್ರ ಹೇಳಬೇಡಿ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಕಿವಿಗೆ ಕೇಳಿದ್ದು ಮೌನವೋ ಎಂಗೇಜ್ ಟೋನೋ ರೆಕಾರ್ಡ್ ಮಾತೋ, ಬೇರೆ ಕಂಪನಿಯ ಫೋನಿನಿಂದ ಅದೇ ನಂಬರಿಗೆ ಹೋಯಿತೋ ಇಲ್ಲವೋ, ಆ ಕಡೆಯಿಂದ ನಿಮಗೆ ಬರುತ್ತದೋ ಇಲ್ಲವೋ ಬರೆದಿಟ್ಟುಕೊಳ್ಳಿ. ಸಮಯ ಸರಿಯಾಗಿ ಕೊಟ್ಟರೆ ಸ್ವಿಚ್‌ನ ಲೆಕ್ಕದಲ್ಲಿ ಆ ಕರೆಯನ್ನೇ ಹುಡುಕಿ ಕಾರಣದ ಸಂಖ್ಯೆ ತೆಗೆಯಲು ಸಾಧ್ಯ. 198ಕ್ಕೆ ಮಾಡಿದಾಗ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ‘ಲೈನ್ ಸರಿಯಾಗಿದೆ’ ಅಂತ ಮುಚ್ಚಿದರೆ ಅದೇ ನಂಬರ್ ಇಟ್ಟುಕೊಂಡು 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. 198 ಕೂಡ ಅದೇ ಸ್ವಿಚ್‌ನಿಂದ ಹೊರಗೆ ಹೋಗಬೇಕಾದ ಕರೆ, ಹಾಗಾಗಿ ಅದೂ ಹೋಗದಿದ್ದರೆ ಪಕ್ಕದವರ ಮೊಬೈಲ್ ಕೇಳಿ.